ಹಿತ್ತಿಲ ಬೇಸಾಯ: ಉತ್ತರೆಯ ಮಳೆಯಲ್ಲಿ ಹೂಕೋಸಿನ ಬೀಜ

ಈ ಪುಟವನ್ನು ಬಹುಕಾಲದಿಂದ ಓದುತ್ತ ಬಂದಿರುವ ವಾಚಕರಲ್ಲಿ ಕೆಲವರಿಗಾದರೂ ನೆನಪಿದ್ದೀತು. ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ, ಚಳಿಗಾಲದ ತರಕಾರಿಗಳ ಬೀಜವನ್ನು ದೀಪಾವಳಿ ಕಳೆದು, ಚಳಿ ಕಾಲೂರಿದ ಮೇಲೆ ಬಿತ್ತುವುದೇ ಲೇಸೆಂದು ನಾನು ಬರೆದಿದ್ದೆನು. ಆ ಮಾತನ್ನು ಈ ವಾರ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬರೆದವನೇ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಅಂಕಣಕಾರರ ಸಂಪ್ರದಾಯದಲ್ಲಿ ಅಷ್ಟಾಗಿ ಇಲ್ಲ. ಆದರೆ ಈ ತಪ್ಪು ಕಾಗದದ ಮೇಲೆ ನಿಲ್ಲದೆ ಹಲವರ ಮಣ್ಣಿಗೂ ಇಳಿಯಿತು. ಹಾಗೆ ಇಳಿದ ಹಿತ್ತಿಲುಗಳಲ್ಲಿ ಒಂದು ನನ್ನ ಅಕ್ಕನದು. ಆದಕಾರಣ ಸುಮ್ಮನಿರುವಂತಿಲ್ಲ.

ಅಕ್ಕನ ಮನೆ ಇರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಶಿರಾಳಕೊಪ್ಪದ ಸಮೀಪ. ಶಾಸನಗಳನ್ನು ಬಲ್ಲವರಿಗೆ ಊರಿನ ಹೆಸರು ಹೊಸದಲ್ಲ. ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಮೇಲೆ ಕುಬ್ಜನೆಂಬ ಕವಿ ೫ನೆಯ ಶತಮಾನದಲ್ಲಿ ಕದಂಬರ ವಂಶದ ಕಥೆಯನ್ನು ಸಂಸ್ಕೃತದಲ್ಲಿ ರಚಿಸಿದ್ದಾನೆ. ಮಯೂರಶರ್ಮನ ಪ್ರಸಂಗವನ್ನು ನಾವೆಲ್ಲರೂ ಪಾಠದ ಪುಸ್ತಕದಲ್ಲಿ ಓದಿದ್ದೇವೆ. ಆದರೆ ಆ ಶಾಸನ ದಾಖಲಿಸುವ ಮುಖ್ಯ ಸಂಗತಿಗಳಲ್ಲಿ ಒಂದು, ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಕೆರೆ ಎಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಹಿತ್ತಿಲ ಬೇಸಾಯದವನ ಕಣ್ಣು ಹೋಗುವುದು ಆ ಕೆರೆಯ ಮೇಲೆಯೇ. ಮಲೆನಾಡು ಮುಗಿದು ಬಯಲು ಆರಂಭವಾಗುವ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ನೀರು ಸಾಕಪ್ಪಾ ಎನ್ನಿಸುತ್ತದೆ. ಮಾಘ ಮುಗಿಯುವುದರೊಳಗೆ ಬಾವಿಯ ಹಗ್ಗ ಉದ್ದವಾಗಬೇಕಾಗುತ್ತದೆ. ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನಾನು ಅಂದು ಹಾಗೆ ಬರೆಯುತ್ತಿರಲಿಲ್ಲ.

ಭಾವನವರು ತೀರಿಕೊಂಡ ಮೇಲೆ ಅಕ್ಕ ಆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಆ ವರ್ಷ ಅವರು ಸಂಕ್ರಾಂತಿಗೆ ಬರುವವರಿದ್ದರು. ಹೂಕೋಸು ಗಿಡದಲ್ಲಿ ಹೇಗಿರುತ್ತದೆಂಬುದನ್ನು ಮಕ್ಕಳು ಕಂಡಿರಲಿಲ್ಲ. ಅಜ್ಜಿ ತೋರಿಸುವೆನೆಂದು ಮಾತು ಕೊಟ್ಟಿದ್ದಳು. ತಮ್ಮನ ಲೇಖನವನ್ನು ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡು, ಅದರಲ್ಲಿದ್ದಂತೆ ದೀಪಾವಳಿಯ ಬಳಿಕ ಬೀಜ ಹಾಕಿದಳು. ಅದೂ ನಾನೇ ಹೇಳಿದ, ಸ್ನೋಬಾಲ್ ಎಂಬ ಸುಪ್ರಸಿದ್ಧ ಜಾತಿ. ಸಸಿ ಚೆನ್ನಾಗಿಯೇ ಬಂದವು. ಡಿಸೆಂಬರ್ ಎರಡನೆಯ ವಾರ ನೆಟ್ಟದ್ದಾಯಿತು. ಸಂಕ್ರಾಂತಿಯ ದಿನ ಮಕ್ಕಳು ಹಿತ್ತಿಲಿಗೆ ಓಡಿಹೋಗಿ ನೋಡಿದರೆ ಎಲೆ, ಎಲೆ, ಬರಿಯ ಎಲೆ.

ಮಗಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ‘ಅಮ್ಮಾ, ಈ ವಯಸ್ಸಿನಲ್ಲಿ ಈ ಪಾಡು ಏಕೆ? ನಮ್ಮ ಜೊತೆ ಬಂದುಬಿಡು. ನಮ್ಮ ಬೀದಿಯ ತಿರುವಿನಲ್ಲೇ ಎಲ್ಲಾ ತರಕಾರಿಯೂ ಸಿಗುತ್ತದೆ’ ಎಂದಳು. ಅಕ್ಕ ಉತ್ತರ ಕೊಡಲಿಲ್ಲವಂತೆ. ಅವರು ಹೊರಟುಹೋದ ಮೇಲೆ ಎರಡು ದಿನ ಹಿತ್ತಿಲ ಬಾಗಿಲನ್ನೇ ತೆರೆಯಲಿಲ್ಲವಂತೆ. ಮಾರ್ಚ್ ತಿಂಗಳಲ್ಲಿ ಆ ಗಿಡಗಳಲ್ಲಿ ಕೆಲವು ಮುಷ್ಟಿಗಾತ್ರದ ಹೂ ಬಿಟ್ಟವು. ಬಿಸಿಲಿಗೆ ಹಳದಿಯಾಗಿ, ಅಕ್ಕಿಯ ನುಚ್ಚು ಚೆಲ್ಲಿದಂತೆ ಬಿಡಿಬಿಡಿಯಾಗಿದ್ದವು. ಯುಗಾದಿಗೆ ನಾನು ಹೋದಾಗ ಅಕ್ಕ ಹೇಳಿದ್ದು ಇಷ್ಟೇ: ‘ತಮ್ಮಾ, ನೀನು ಬರೆದ ಹಾಗೆಯೇ ಮಾಡಿದೆ. ದನಕ್ಕೆ ಹಾಕಿದೆ, ಅವು ಸಂತೋಷವಾಗಿ ತಿಂದವು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: ‘ಮಳೆ ಪೂರಾ ಹಿಡಿಯುವ ಮೊದಲೇ ಭತ್ತಕ್ಕೆ ಅಗೆ ಹಾಕುತ್ತೇವೆ. ನಿನ್ನ ಕೋಸಿಗೆ ಮಾತ್ರ ಚಳಿ ಬಂದ ಮೇಲೆ ಬೀಜ ಹಾಕುವುದು ಯಾವ ನ್ಯಾಯ? ಚಳಿ ಬೇಕಾದದ್ದು ಬೀಜಕ್ಕೋ, ಗಿಡಕ್ಕೋ?’

ಈ ಪ್ರಶ್ನೆಯಲ್ಲಿಯೇ ಸಕಲವೂ ಅಡಗಿತ್ತು. ಕೋಸಿನ ಬೀಜ ಮೊಳೆಯಲು ಚಳಿ ಬೇಕಿಲ್ಲ. ೨೫ ಡಿಗ್ರಿ ಸೆಲ್ಸಿಯಸ್ಸಿನ ಬೆಚ್ಚನೆಯ ಮಣ್ಣಿನಲ್ಲಿ ನಾಲ್ಕೈದು ದಿನಗಳಲ್ಲಿ ಅದು ತಲೆ ಎತ್ತುತ್ತದೆ. ಚಳಿ ಬೇಕಾದದ್ದು ಹೂ ಕಟ್ಟುವಾಗ. ಬೀಜದಿಂದ ಆ ಹಂತಕ್ಕೆ ಬರಲು ಗಿಡಕ್ಕೆ ಎರಡೂವರೆ, ಮೂರು ತಿಂಗಳು ಹಿಡಿಯುತ್ತದೆ. ನಮ್ಮ ಚಳಿಯಾದರೋ ನವೆಂಬರಿನಿಂದ ಜನವರಿಯ ಕೊನೆಯವರೆಗೆ ಬಂದು ಹೋಗುವ ನೆಂಟ. ನೆಂಟ ಬಂದ ಮೇಲೆ ಅಕ್ಕಿ ನೆನೆಹಾಕಿದರೆ ಅವನಿಗೆ ದೋಸೆ ಸಿಕ್ಕುವುದುಂಟೆ?

ಎರಡನೆಯ ತಪ್ಪು ಜಾತಿಯದು. ಹೂಕೋಸಿನಲ್ಲಿ ಎಲ್ಲವೂ ಒಂದೇ ಅಲ್ಲವೆಂಬುದನ್ನು ಪಟ್ಟಣದ ಬೀಜದಂಗಡಿಗಳು ಹೇಳುವುದಿಲ್ಲ. ಪೊಟ್ಟಣದ ಮೇಲೆ ಬೆಳ್ಳಗಿನ ಚಿತ್ರವಿದ್ದರೆ ಆಯಿತು. ಸ್ನೋಬಾಲ್ ಗುಂಪಿನ ಕೋಸುಗಳು ಹೂ ಕಟ್ಟಬೇಕಾದರೆ ಹಗಲು ರಾತ್ರಿಗಳ ಸರಾಸರಿ ಉಷ್ಣತೆ ೧೦ರಿಂದ ೧೬ ಡಿಗ್ರಿಯಷ್ಟಕ್ಕೆ ಇಳಿಯಬೇಕು. ಶಿವಮೊಗ್ಗದ ಸೀಮೆಯಲ್ಲಿ ಪುಷ್ಯಮಾಸದ ರಾತ್ರಿ ೧೫ ಡಿಗ್ರಿಯ ಆಸುಪಾಸಿಗೆ ಇಳಿಯುವುದು ನಿಜ. ಆದರೆ ಹಗಲು ೩೦ರ ಹತ್ತಿರಕ್ಕೆ ಏರುತ್ತದೆ. ಸರಾಸರಿ ತೆಗೆದರೆ ೨೨, ೨೩. ಅಂದರೆ ಸ್ನೋಬಾಲ್ ಬಯಸುವ ಚಳಿ ತಾಳಗುಂದಕ್ಕೆ ಯಾವ ತಿಂಗಳಿನಲ್ಲಿಯೂ ಬರುವುದಿಲ್ಲ. ನಾನು ಅಕ್ಕನಿಗೆ ಸಿಮ್ಲಾದ ಬೀಜವನ್ನು ಶಿರಾಳಕೊಪ್ಪದ ಹವೆಯಲ್ಲಿ ಬೆಳೆಯಲು ಹೇಳಿದಂತಾಗಿತ್ತು.

ಹಾಗಾದರೆ ನಮಗೆ ಹೂಕೋಸೇ ಇಲ್ಲವೆ? ಇದೆ, ಅದರ ಕಥೆಯೂ ಸ್ವಾರಸ್ಯವಾಗಿದೆ. ಹೂಕೋಸಿನ ಬೀಜ ನಮ್ಮ ದೇಶಕ್ಕೆ ಬಂದದ್ದು ೧೮೨೨ರಲ್ಲಿ, ಲಂಡನ್ನಿನ ಬಳಿಯ ಕ್ಯೂ ತೋಟದಿಂದ, ಉತ್ತರ ಭಾರತದ ಸಹಾರನ್‌ಪುರದ ತೋಟಕ್ಕೆ ಎಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಅಲ್ಲಿಂದಾಚೆಗೆ ಬಯಲುಸೀಮೆಯ ರೈತರು, ಸೆಕೆಯಲ್ಲಿಯೂ ಬೇಗ ಹೂ ಕಟ್ಟಿದ ಗಿಡಗಳ ಬೀಜವನ್ನೇ ಎತ್ತಿಟ್ಟು, ಮತ್ತೆ ಬಿತ್ತಿ, ಮತ್ತೆ ಆರಿಸಿ, ತಲೆಮಾರುಗಳ ಅವಧಿಯಲ್ಲಿ ಈ ನೆಲದ್ದೇ ಆದ ಒಂದು ಕುಲವನ್ನು ಮಾಡಿಕೊಂಡರು. ಇವು ೨೦ರಿಂದ ೨೭ ಡಿಗ್ರಿಯಲ್ಲಿ ಹೂ ಕಟ್ಟುತ್ತವೆ. ಅರ್ಲಿ ಕುಂವಾರಿ, ಪೂಸಾ ಕಟ್ಕಿ, ಪೂಸಾ ದೀಪಾಲಿ ಎಂಬ ಹೆಸರುಗಳು ಈ ಗುಂಪಿನವು. ಪೂಸಾ ಎಂದರೆ ಬಿಹಾರದ ಒಂದು ಊರು. ಅಲ್ಲಿ ೧೯೦೫ರಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನಾಲಯವು ೧೯೩೪ರ ಭೂಕಂಪದಲ್ಲಿ ಕುಸಿದು, ೧೯೩೬ರಲ್ಲಿ ದೆಹಲಿಗೆ ಹೋಯಿತು. ಹೆಸರು ಮಾತ್ರ ಬೀಜದ ಪೊಟ್ಟಣಗಳ ಮೇಲೆ ಉಳಿದುಕೊಂಡಿತು. ಅಂಗಡಿಯಲ್ಲಿ ‘ಬೇಗ ಬರುವ ಜಾತಿ ಕೊಡಿ’ ಎಂದು ಕೇಳಿರಿ. ಈಗ ಸಿಗುವ ಮಿಶ್ರತಳಿಗಳಲ್ಲಿಯೂ ಈ ಭೇದವಿದೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬಿತ್ತನೆಯ ತಿಂಗಳು ಇರುತ್ತದೆ. ಮುಂಬದಿಯ ಚಿತ್ರಕ್ಕಿಂತ ಅದು ಮುಖ್ಯ.

ಇನ್ನು ಕಾಲ. ನಮ್ಮ ಕಡೆ ಪಂಚಾಂಗದ ಮಳೆನಕ್ಷತ್ರಗಳೇ ರೈತನ ಗಡಿಯಾರ. ಆಗಸ್ಟ್ ೩೦ರ ಸುಮಾರಿಗೆ ಹುಬ್ಬೆ, ಸೆಪ್ಟೆಂಬರ್ ೧೩ರ ಸುಮಾರಿಗೆ ಉತ್ತರೆ, ೨೭ಕ್ಕೆ ಹಸ್ತೆ, ಅಕ್ಟೋಬರ್ ೧೦, ೧೧ಕ್ಕೆ ಚಿತ್ತೆ, ೨೪ಕ್ಕೆ ಸ್ವಾತಿ. ಕೋಸಿನ ಬೀಜ ಉತ್ತರೆಯಲ್ಲಿ ಮಡಿಗೆ ಬೀಳಬೇಕು, ಸಸಿ ಚಿತ್ತೆಯಲ್ಲಿ ಹೊಲಕ್ಕೆ ಇಳಿಯಬೇಕು. ಈ ಸೀಮೆಯವರಿಗೆ ಇನ್ನೊಂದು ಗುರುತೂ ಉಂಟು. ಆಶ್ವಯುಜದ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ. ತೆನೆ ಕಟ್ಟುತ್ತಿರುವ ಗದ್ದೆಗೆ ಬಸುರಿಯ ಬಯಕೆ ತೀರಿಸುವಂತೆ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡಿಗೆಯನ್ನು ಹೊತ್ತೊಯ್ದು ಬಡಿಸುವ ಹಬ್ಬ. ಸೊರಬ, ಸಾಗರಗಳ ಕಡೆಯ ಆ ಬುಟ್ಟಿಗಳನ್ನು ಕಾಣದವರು ಒಮ್ಮೆಯಾದರೂ ಹೋಗಿ ಕಾಣಬೇಕು. ಬುಟ್ಟಿ ಗದ್ದೆಗೆ ಹೋಗುವ ಆಸುಪಾಸಿನಲ್ಲಿ ಕೋಸಿನ ಸಸಿಯೂ ನೆಲ ಸೇರಿರಬೇಕು.

ಕಷ್ಟವಿರುವುದು ಇಲ್ಲಿಯೇ. ಉತ್ತರೆಯಲ್ಲಿ ಮಳೆ ಇನ್ನೂ ಹೋಗಿರುವುದಿಲ್ಲ. ಎರಡು ದಿನ ಬಿಸಿಲು, ಮೂರನೆಯ ದಿನ ಮಧ್ಯಾಹ್ನ ಗುಡುಗಿ ಸುರಿಮಳೆ. ಸಾಸಿವೆಯಷ್ಟು ಸಣ್ಣ ಬೀಜ ತೆರೆದ ಮಡಿಯಲ್ಲಿ ನಿಲ್ಲುವುದಿಲ್ಲ. ನಿಂತರೂ ಸಸಿ ಕೊಳೆಯುತ್ತದೆ. ಸಂಜೆ ನಗುತ್ತಿದ್ದ ಸಸಿ ಬೆಳಿಗ್ಗೆ ಬುಡದಲ್ಲಿ ದಾರ ಬಿಗಿದಂತೆ ಸೊರಗಿ ಮಲಗಿರುತ್ತದೆ. ಮರುದಿನ ಅದರ ಸುತ್ತಿನವು, ಅದರ ಮರುದಿನ ಮಡಿಯೇ ಇಲ್ಲ. ಮಣ್ಣಿನಲ್ಲಿರುವ ಬೂಸು ಇದಕ್ಕೆ ಕಾರಣ. ಅತಿ ತೇವ, ಗಾಳಿಯಾಡದ ದಟ್ಟಣೆ ಅದಕ್ಕೆ ಹಬ್ಬ. ನಾನು ದೀಪಾವಳಿಯವರೆಗೆ ಕಾಯಿರೆಂದು ಬರೆದದ್ದು ಈ ರೋಗಕ್ಕೆ ಹೆದರಿಯೇ. ಹೆದರಿಕೆ ಸರಿ, ಕಂಡುಕೊಂಡ ಉಪಾಯ ತಪ್ಪು.

ಕಳೆದ ವರ್ಷ ಅಕ್ಕ ಮಾಡಿದ ಏರ್ಪಾಟನ್ನು ವಿವರವಾಗಿ ಹೇಳುತ್ತೇನೆ. ಇದರಲ್ಲಿ ನನ್ನ ಪಾಲು ಅಲ್ಪ. ಹಿತ್ತಿಲ ಪೂರ್ವದಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ನೆಲದಿಂದ ಗೇಣೆತ್ತರದ ಮಡಿ ಕಟ್ಟಿಸಿದಳು. ಎರಡು ಮೊಳ ಅಗಲ, ಎರಡು ಮೊಳ ಉದ್ದ. ಮನೆಗೆ ಇಷ್ಟು ಧಾರಾಳ. ಕೆಂಪು ಮಣ್ಣು, ಹೊಳೆಮರಳು, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರ, ಮೂರೂ ಸಮಪಾಲು. ಬಿತ್ತುವ ಎರಡು ದಿನಗಳ ಮೊದಲು ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರನ್ನು ಮಡಿ ಪೂರ್ತಿ ನೆನೆಯುವಂತೆ ಹೊಯ್ದಳು. ದೊಡ್ಡ ತೋಟಕ್ಕೆ ಇದು ಆಗದ ಮಾತು. ಎರಡು ಮೊಳದ ಮಡಿಗೆ ಇದಕ್ಕಿಂತ ಅಗ್ಗದ ಔಷಧವಿಲ್ಲ. ಬೂಸಿನ ಬೀಜಗಳ ಜೊತೆಗೆ ಕಳೆಯ ಬೀಜಗಳೂ ಸಾಯುತ್ತವೆ. ಮಣ್ಣು ತಣಿದ ಮೇಲೆ ಟ್ರೈಕೋಡರ್ಮಾ ಎಂಬ ಉಪಕಾರಿ ಬೂಸಿನ ಪುಡಿಯನ್ನು ಗೊಬ್ಬರದೊಡನೆ ಬೆರೆಸಬಹುದು. ಕುದಿನೀರಿಗೆ ಮೊದಲು ಬೆರೆಸಿದರೆ ಅದೂ ಬೇಯುತ್ತದೆ, ಎಚ್ಚರ.

ಮೇಲೆ ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಗ್ಗಿಸಿ ನೆಟ್ಟು, ರಾತ್ರಿ ಮತ್ತು ಮಳೆಯ ಹೊತ್ತಿಗೆ ಅಡಿಕೆ ಸೋಗೆ ಹೊದಿಸುತ್ತಿದ್ದಳು. ಬಿಸಿಲು ಬಂದೊಡನೆ ತೆಗೆಯುತ್ತಿದ್ದಳು. ಸೋಗೆಯನ್ನು ಹಗಲೂ ಬಿಟ್ಟರೆ ಸಸಿ ಬೆಳಕನ್ನು ಹುಡುಕುತ್ತ ನೂಲಿನಂತೆ ಉದ್ದವಾಗಿ ಬಾಗುತ್ತದೆ. ಅಂಥದು ನೆಟ್ಟ ಮೇಲೆ ಚೇತರಿಸಿಕೊಳ್ಳುವುದಿಲ್ಲ. ಪಟ್ಟಣದವರು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಎರಡು ಪಕ್ಕಗಳನ್ನು ಗಾಳಿಗೆ ತೆರೆದಿಟ್ಟರೆ ಈ ತೆಗೆದುಹಾಕುವ ತಾಪತ್ರಯ ತಪ್ಪುತ್ತದೆ.

ಬೀಜ ಎಷ್ಟು? ಕೋಸಿನ ಬೀಜ ಒಂದು ಗ್ರಾಮಿಗೆ ಸುಮಾರು ೩೦೦. ನಾಲ್ಕು ಜನರ ಸಂಸಾರಕ್ಕೆ ೨೦, ೩೦ ಗಿಡ ಸಾಕಾಗಿರುವಾಗ ಪೊಟ್ಟಣವನ್ನೆಲ್ಲ ಸುರಿಯುವವರೇ ಹೆಚ್ಚು. ದಟ್ಟಣೆಯಿಂದ ಕೊಳೆರೋಗ ಬರುವುದು ಹಾಗೆಯೇ. ನಾಲ್ಕು ಬೆರಳಿಗೊಂದು ಗೆರೆ ಎಳೆದು, ಒಂದು ಬೆರಳಗಲಕ್ಕೊಂದು ಬೀಜದಂತೆ ಉದುರಿಸಿ, ಅರ್ಧ ಸೆಂಟಿಮೀಟರಿನಷ್ಟು ಮರಳು ಮಿಶ್ರಿತ ಗೊಬ್ಬರ ಮುಚ್ಚಿ, ಮೇಲೆ ತೆಳ್ಳಗೆ ಹುಲ್ಲು ಹರಡಬೇಕು. ಮೊದಲ ಮೊಳಕೆ ಕಂಡ ಹೊತ್ತಿಗೇ ಹುಲ್ಲನ್ನು ತೆಗೆಯಬೇಕು. ನಾಳೆ ತೆಗೆದರಾಯಿತು ಎಂದುಕೊಂಡರೆ ಕೆಟ್ಟಿತು. ಇರುವೆ ಬೀಜ ಹೊರುವುದಕ್ಕೆ ಮಡಿಯ ಸುತ್ತ ಬಚ್ಚಲೊಲೆಯ ಬೂದಿ. ನೀರು ಬೆಳಿಗ್ಗೆ ಮಾತ್ರ. ಸಂಜೆಯ ನೀರು ರಾತ್ರಿಯೆಲ್ಲ ಬುಡದಲ್ಲಿ ನಿಲ್ಲುತ್ತದೆ. ಮಡಿ ಕಟ್ಟಲು ಸ್ಥಳವಿಲ್ಲದ ಪಟ್ಟಣದ ತಾಯಂದಿರು ತೋಟಗಾರಿಕೆಯ ಅಂಗಡಿಗಳಲ್ಲಿ ಸಿಗುವ, ೯೮ ಕುಳಿಗಳ ಪ್ರೊಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಕುಳಿಗೊಂದು ಬೀಜ ಹಾಕಬಹುದು.

ಹಳೆಯ ಬೀಜದ ವಿಷಯದಲ್ಲಿ ಒಂದು ಮಾತು. ಕಳೆದ ವರ್ಷದ ಪೊಟ್ಟಣ ಅಡಿಗೆಮನೆಯ ಗೂಡಿನಲ್ಲಿ ಮಳೆಗಾಲವನ್ನು ಕಳೆದಿದ್ದರೆ ಅದನ್ನು ನಂಬಬೇಡಿ. ಬೀಜದೊಳಗಿನ ತೇವ ನೂರಕ್ಕೆ ಒಂದರಷ್ಟು ಕಡಿಮೆಯಾದರೆ ಅದರ ಆಯುಸ್ಸು ಇಮ್ಮಡಿ, ಇಟ್ಟ ಸ್ಥಳದ ಉಷ್ಣತೆ ೫ ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ ಎಂಬುದು ಬೀಜಶಾಸ್ತ್ರದವರ ಸ್ಥೂಲ ಲೆಕ್ಕ. ಮಲೆನಾಡಿನ ಶ್ರಾವಣ ಈ ಲೆಕ್ಕವನ್ನು ತಿರುಗುಮುರುಗಾಗಿಸುತ್ತದೆ. ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಗಾಜಿನ ಸೀಸೆಯ ತಳದಲ್ಲಿ ಹಾಕಿ, ಮೇಲೆ ಪೊಟ್ಟಣವಿಟ್ಟು ಬಿರಡೆ ಬಿಗಿದರೆ ಅಕ್ಕಿ ತೇವವನ್ನು ಹೀರಿಕೊಳ್ಳುತ್ತದೆ. ಸಂದೇಹವಿದ್ದರೆ ೨೦ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಒಂದು ವಾರದಲ್ಲಿ ಎಣಿಸಿ ನೋಡಿ.

ಸಸಿಗೆ ನಾಲ್ಕೈದು ಎಲೆಯಾದಾಗ, ಅಂದರೆ ೨೫ರಿಂದ ೩೦ ದಿನಗಳಲ್ಲಿ, ಸಂಜೆಯ ಹೊತ್ತು ಒಂದೂವರೆ ಅಡಿಗೊಂದರಂತೆ ನೆಡಬೇಕು. ಮಡಿಯಲ್ಲಿಯೇ ಆರೇಳು ವಾರ ಕುಳಿತ ಸಸಿ ನೆಟ್ಟೊಡನೆ ಗುಂಡಿಯಷ್ಟು ಹೂ ಬಿಟ್ಟು ಮುಗಿಸಿಬಿಡುತ್ತದೆ. ಮೊದಲ ಮೂರು ದಿನ ಅಡಿಕೆ ಹಾಳೆಯ ತುಂಡನ್ನು ಟೊಪ್ಪಿಗೆಯಂತೆ ಮುಚ್ಚಿ ಬಿಸಿಲಿನಿಂದ ಕಾಪಾಡಿರಿ. ಕುಂಡದಲ್ಲಿ ಬೆಳೆಯುವವರಿಗೆ ಒಂದಡಿ ಬಾಯಿಯ ಕುಂಡಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಎರಡೂ ಇಲ್ಲ.

ಮಳೆಯಿಂದ ತೊಳೆದುಹೋದ ನಮ್ಮ ಕೆಂಪು ಮಣ್ಣು ಹುಳಿ ಮಣ್ಣು. ಕೋಸಿನ ಎಲೆಯ ಅಂಚು ಮಾಯವಾಗಿ, ನಡುವಿನ ನರ ಮಾತ್ರ ಚಾವಟಿಯಂತೆ ಉಳಿದದ್ದನ್ನು ಕಂಡವರು ಅದನ್ನು ಹುಳು ತಿಂದದ್ದೆಂದು ತಿಳಿಯುತ್ತಾರೆ. ಅದು ಹುಳುವಲ್ಲ, ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಮ್ ಎಂಬ ಧಾತು ಗಿಡಕ್ಕೆ ದಕ್ಕದೆ ಬರುವ ಕೊರತೆ. ನೆಡುವುದಕ್ಕೆ ಮೂರು ವಾರ ಮೊದಲು ಒಂದು ಚದರ ಮೀಟರಿಗೆ ೨೦೦ ಗ್ರಾಮಿನಷ್ಟು ಸುಣ್ಣದ ಪುಡಿಯನ್ನು ಮಣ್ಣಿಗೆ ಬೆರೆಸಿದರೆ ಬಹುಮಟ್ಟಿಗೆ ಪರಿಹಾರ. ಗೊಬ್ಬರವನ್ನೂ ಸುಣ್ಣವನ್ನೂ ಒಂದೇ ದಿನ ಹಾಕಬಾರದು. ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತುವಂತೆ ಹೇಳುತ್ತಾರೆ. ಎಲೆ ತೂತು ಮಾಡುವ ಪತಂಗ ಮೊದಲು ಸಾಸಿವೆಗೆ ಹೋಗಿ ಮೊಟ್ಟೆಯಿಡುತ್ತದೆ. ಹಿತ್ತಿಲಿನಲ್ಲಿ ಇದು ಇನ್ನೂ ಸುಲಭ, ಒಗ್ಗರಣೆ ಡಬ್ಬಿಯ ಒಂದು ಚಿಟಿಕೆ ಸಾಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲೆಕೋಸಿಗೂ ನವಿಲುಕೋಸಿಗೂ ಇದೇ ಕ್ರಮ, ಇಷ್ಟು ಮುನಿಸಿಲ್ಲ. ಗೋಲ್ಡನ್ ಏಕರ್ ಎಂಬ ಎಲೆಕೋಸು ನೆಟ್ಟ ೬೦, ೬೫ ದಿನಗಳಲ್ಲಿ ತಯಾರು. ನವಿಲುಕೋಸು ೫೦ ದಿನಗಳಲ್ಲಿ. ಮೊದಲ ಸಲ ಕೈಹಾಕುವವರು ನವಿಲುಕೋಸಿನಿಂದಲೇ ಆರಂಭಿಸಲಿ, ಅದು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳನ್ನು ಇರುವಲ್ಲಿಯೇ ಬಿತ್ತಬೇಕು. ಕಿತ್ತು ನೆಟ್ಟ ಕ್ಯಾರೆಟ್ ಎರಡು ಕಾಲಿನ ಗೊಂಬೆಯಾಗುತ್ತದೆ. ಅದು ಮೊಳೆಯಲು ಎರಡು ವಾರ ಹಿಡಿಯುವುದರಿಂದ ನೆಲ ಒಣಗದಂತೆ ಒದ್ದೆ ಗೋಣಿ ಮುಚ್ಚಿರಬೇಕು. ಬೀಟ್‌ರೂಟಿನ ಒಂದೊಂದು ಬೀಜವೂ ಹಲವು ಬೀಜಗಳ ಗೊಂಚಲು. ಎದ್ದವುಗಳಲ್ಲಿ ಒಂದನ್ನುಳಿಸಿ ಉಳಿದುವನ್ನು ಕಿತ್ತು ಸಾರಿಗೆ ಹಾಕಿರಿ. ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕೆಂಬುದು ಅಜ್ಜಿಯಂದಿರಿಗೆ ಗೊತ್ತು. ಲೆಟ್ಯೂಸ್ ಸೊಪ್ಪಿನ ಬೀಜ ಮಾತ್ರ ೩೦ ಡಿಗ್ರಿ ದಾಟಿದ ಸೆಕೆಯಲ್ಲಿ ಮೊಳೆಯದೆ ನಿದ್ರೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ತಂಪುಪೆಟ್ಟಿಗೆಯಲ್ಲಿಟ್ಟರೆ ಎಚ್ಚರಗೊಳ್ಳುತ್ತದೆ. ಬಟಾಣಿಯನ್ನು ಸ್ವಾತಿಯ ಬಳಿಕ ಬಿತ್ತಿರಿ.

ಮಂಗಳೂರು, ಉಡುಪಿಗಳ ವಾಚಕರು ನನ್ನ ಮೇಲೆ ಕೋಪಿಸಿಕೊಳ್ಳಬಾರದು. ಕರಾವಳಿಯ ರಾತ್ರಿ ಪುಷ್ಯದಲ್ಲಿಯೂ ೨೦ರ ಕೆಳಗೆ ಇಳಿಯುವುದು ಅಪರೂಪ. ಅಲ್ಲಿ ಹೂಕೋಸಿನ ಹಟಕ್ಕಿಂತ ಮೂಲಂಗಿ, ಹರಿವೆಗಳೊಡನೆ ಸ್ನೇಹವೇ ಮೇಲು. ಬೆಂಗಳೂರಿನವರಿಗೆ ಎತ್ತರದ ಊರಿನ ತಂಪು ಇರುವುದರಿಂದ ತಿಂಗಳೊಪ್ಪತ್ತಿನ ಸಡಿಲಿಕೆ ಉಂಟು. ಹುಬ್ಬಳ್ಳಿ ಧಾರವಾಡಗಳಿಗೆ ತಾಳಗುಂದದ ಲೆಕ್ಕವೇ ಸರಿ.

ಕಳೆದ ವರ್ಷ ಅಕ್ಕ ಸೆಪ್ಟೆಂಬರ್ ೧೫ಕ್ಕೆ ಬಿತ್ತಿ, ಅಕ್ಟೋಬರ್ ೧೪ಕ್ಕೆ ೨೪ ಸಸಿ ನೆಟ್ಟಳು. ಮೂರು ಸತ್ತವು, ಒಂದನ್ನು ಕರು ತಿಂದಿತು. ಉಳಿದ ೨೦ರಲ್ಲಿ ಡಿಸೆಂಬರಿನ ಕೊನೆಯ ವಾರ ಹೂ ಕಾಣಿಸಿಕೊಂಡಿತು. ಹೂ ಹಳದಿಯಾಗದಂತೆ ಅದರದೇ ಎಲೆಗಳನ್ನು ಮೇಲೆ ಮಡಚಿ ಬಾಳೆನಾರಿನಿಂದ ಕಟ್ಟಿದಳು. ಸಂಕ್ರಾಂತಿಯ ಬೆಳಿಗ್ಗೆ ನಾನೂ ಅಲ್ಲಿದ್ದೆನು. ಹಿರಿಯ ಮೊಮ್ಮಗಳು ನಾರು ಬಿಚ್ಚಿ ಎಲೆ ಸರಿಸಿದವಳು ಏನೂ ಹೇಳದೆ ಮತ್ತೆ ಮುಚ್ಚಿ, ತಮ್ಮನನ್ನು ಕರೆತಂದು, ಅವನ ಎದುರು ಇನ್ನೊಮ್ಮೆ ಬಿಚ್ಚಿದಳು. ಅಕ್ಕನ ಮಗಳು ಬಾವಿಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಬೆಂಗಳೂರಿಗೆ ಬಾ ಎಂಬ ಮಾತು ಆ ಸಲ ಬರಲಿಲ್ಲ.

ಈಗ ಹುಬ್ಬೆ ಮಳೆ ನಡೆಯುತ್ತಿದೆ. ಮೊನ್ನೆ ಅಕ್ಕ ಫೋನಿನಲ್ಲಿ, ‘ಬೀಜ ತರುವಾಗ ಎರಡು ಪೊಟ್ಟಣ ತಾ, ತಮ್ಮಾ. ಒಂದನ್ನು ಬೆಂಗಳೂರಿಗೆ ಕಳಿಸು. ಮಹಡಿಯ ಮೇಲೆ ಕುಂಡ ಇಟ್ಟುಕೊಂಡಿದ್ದಾಳಂತೆ’ ಎಂದಳು. ನಾಳೆಯೇ ಅಂಗಡಿಗೆ ಹೋಗಬೇಕು. ಉತ್ತರೆ ಹುಟ್ಟಲು ಇನ್ನು ಕೆಲವೇ ದಿನಗಳಿವೆ.